ತ್ರೇಸ್ಯಕ್ಕನ ಬಾಯಿಗೆ ಬದಲಿ

ತ್ರೇಸ್ಯಾಕುಟ್ಟಿಯವರನ್ನು ನಾನು ಮೊದಲು ಕಂಡದ್ದು ಕಡಬ ಪೇಟೆಯಲ್ಲಿ, ಮೂಸಕುಂಞಿಯವರ ರಬ್ಬರ್ ಅಂಗಡಿಯ ಜಗಲಿಯಲ್ಲಿ. ನಾನು ಬಸ್ಸಿಗೆ ಕಾಯುತ್ತಿದ್ದೆ. ಒಣ ರಬ್ಬರಿನ ವಾಸನೆಗೆ ಹೆದರಿ ಬೇರೆ ಯಾರೂ ಆ ಜಗಲಿ ಹತ್ತುವುದಿಲ್ಲವಾದ್ದರಿಂದ ಅಲ್ಲಿ ಯಾವ ಹೊತ್ತಿಗೂ ನೆರಳು ಸಿಗುತ್ತದೆ. ಐವತ್ತೈದು ದಾಟಿದ ಒಬ್ಬ ಹೆಂಗಸು ತಕ್ಕಡಿಯ ಎದುರು ನಿಂತು ಮೂಸಕುಂಞಿಯವರನ್ನು ಬೈಯುತ್ತಿದ್ದರು.

"ನಿನ್ನ ತಕ್ಕಡಿಯೂ ನಿನ್ನ ಹಾಗೆಯೇ, ಎಷ್ಟು ತಿಂದರೂ ಮೈಗೆ ಹತ್ತುದಿಲ್ಲ. ನಿನ್ನಷ್ಟು ದೊಡ್ಡ ಕಳ್ಳ ಈ ಕಡಬದಲ್ಲಿ ಬೇರೆ ಇಲ್ಲ."

ಬೈಗಳಿಗಿಂತ ನನಗೆ ಆಶ್ಚರ್ಯವಾದದ್ದು ಬೈದ ರೀತಿ. ಮುಖದಲ್ಲಿ ಸಿಟ್ಟಿಲ್ಲ, ಸ್ವರದಲ್ಲಿ ಏರಿಳಿತವಿಲ್ಲ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ, ನಡುನಡುವೆ ಆಕಳಿಸುತ್ತಾ ಬೈಯುತ್ತಿದ್ದರು. ಪಕ್ಕದಲ್ಲಿ ಅವರ ಗಂಡ. ಎತ್ತರದ ಆಳು, ಕುತ್ತಿಗೆಗೊಂದು ಬಿಳಿ ಬಟ್ಟೆ, ಕಂಕುಳಲ್ಲಿ ಮೊಮ್ಮಗುವಿನದ್ದೋ ಏನೋ ಒಂದು ಸ್ಲೇಟು. ಹೆಂಡತಿಯ ಬಾಯಿಯಿಂದ ಅಷ್ಟೆಲ್ಲ ಉದುರುತ್ತಿದ್ದರೂ ಆತ ಒಂದು ಮಾತಾಡಲಿಲ್ಲ. ಮೂಸಕುಂಞಿಯವರೂ ಆಕೆಯ ಕಡೆ ನೋಡದೆ ಗಂಡನ ಹೆಗಲ ಮೇಲೆ ಕೈಯಿಟ್ಟು, "ಆಯ್ತು ಜೋಸಣ್ಣ, ಸಿಟ್ಟು ಬೇಡ, ನೀವು ಹೇಳಿದ ಹಾಗೆಯೇ ಮಾಡುವ" ಅಂದರು. ಹೆಂಡತಿ ಬೈದದ್ದಕ್ಕೆ ಗಂಡನನ್ನು ಸಮಾಧಾನ ಮಾಡುವ ವ್ಯಾಪಾರಿ. ಲೋಕದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಎಂದುಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಸತ್ಯವತಿಯ ಎದುರು ಗಂಡಸರ ಸಹನೆಯ ಬಗ್ಗೆ ಒಂದು ಒಳ್ಳೆಯ ಭಾಷಣ ಮಾಡಿದೆ. ನನ್ನ ಹೆಂಡತಿ ಅಂಚೆ ಉಳಿತಾಯದ ಏಜೆಂಟು. ಕಡಬ, ನೆಲ್ಯಾಡಿಗಳ ನಡುವೆ ಅವಳು ನೀರು ಕುಡಿಯದ ಮನೆಯಿಲ್ಲ. ಬಸಳೆ ಹೆಚ್ಚುತ್ತಾ ಭಾಷಣ ಮುಗಿಯುವವರೆಗೆ ಕಾದು ಅಂದಳು, "ಬೈದದ್ದು ಅವಳಲ್ಲ, ಅವನು. ಸ್ಲೇಟಿನಲ್ಲಿ ಬರೆದದ್ದನ್ನು ಅವಳು ಓದಿದ್ದು."

ಜೋಸಣ್ಣನಿಗೆ ಗಂಟಲಿನ ಆಪರೇಶನ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಿಗೊಂದು ತೂತು, ಅದಕ್ಕೆ ಆ ಬಿಳಿ ಬಟ್ಟೆ. ಅದಕ್ಕಿಂತ ಮೊದಲು ಅವರ ಸ್ವರ ಎಂಥದ್ದಿತ್ತು ಎಂಬುದನ್ನು ಆ ಕಡೆಯವರು ಈಗಲೂ ಹಿಂದೊಮ್ಮೆ ಬಂದ ದೊಡ್ಡ ನೆರೆಯ ವಿಷಯ ಹೇಳುವ ಹಾಗೆ ಹೇಳುತ್ತಾರೆ. ಅವರ ಇಗರ್ಜಿಯ, ಅಂದರೆ ಚರ್ಚಿನ, ಹಬ್ಬದಲ್ಲಿ ಪೂಜೆ ಮುಗಿದ ಮೇಲೆ ಹರಕೆಗೆ ಬಂದ ಕೋಳಿ, ಬಾಳೆಗೊನೆ, ಮರಗೆಣಸುಗಳನ್ನು ಏಲಂ ಮಾಡುವ ಕ್ರಮವುಂಟು. ಏಲಂ ಕೂಗುವವರು ಯಾವಾಗಲೂ ಜೋಸಣ್ಣ. ಅವರು ಕೂಗಿದರೆ ಸಾಧಾರಣ ಹುಂಜ ಆಡಿನ ಬೆಲೆಗೆ ಹೋಗುತ್ತಿತ್ತಂತೆ. ಹುಂಜಕ್ಕೇ ತನ್ನ ಬಗ್ಗೆ ದೊಡ್ಡ ಅಭಿಪ್ರಾಯ ಬಂದು ಎದೆ ಉಬ್ಬಿಸಿ ನಿಲ್ಲುತ್ತಿತ್ತೆಂದು ಮೂಸಕುಂಞಿಯವರು ಹೇಳುತ್ತಾರೆ. ಮನೆಯಲ್ಲಿ ಅವರಿಗೆ ಫೋನಿನ ಅಗತ್ಯವಿರಲಿಲ್ಲ. ತೋಟದ ಬದಿಯಲ್ಲಿ ಹರಿಯುವ ತೋಡಿನ ಆಚೆಯ ಕದೀಜಮ್ಮನ ಮನೆಗೆ ಅಂಗಳದಿಂದ ಒಂದು ಕೂ ಹಾಕಿದರೆ ಸಾಕು, ಅಲ್ಲಿ ನಾಯಿ ಎದ್ದು ನಿಲ್ಲುತ್ತಿತ್ತು.

ಅಂಥ ಸ್ವರ ನಿಂತಾಗ ಮನೆಯಲ್ಲಿ ಮೌನ ಬರಬೇಕಿತ್ತು. ಬರಲಿಲ್ಲ. ಜೋಸಣ್ಣ ಬರೆಯಲು ಶುರುಮಾಡಿದರು, ತ್ರೇಸ್ಯಕ್ಕ ಓದಲು ಶುರುಮಾಡಿದರು.

ಓದುವುದೆಂದರೆ ಸುಲಭವಲ್ಲ, ಅದರ ಕಷ್ಟ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆರು ವರ್ಷದ ಹುಡುಗನಾಗಿ ಅಪ್ಪನ ಜೊತೆ ತೆಂಕಣ ಮಲಯಾಳ ಸೀಮೆಯಿಂದ ಬಂದು ಇಲ್ಲಿಯ ಸರಕಾರಿ ಶಾಲೆಯಲ್ಲಿ ಕಲಿತ ಜೋಸಣ್ಣನಿಗೆ ಬರುವುದು ಕನ್ನಡ ಅಕ್ಷರ ಮಾತ್ರ. ಮನೆಯ ಮಲಯಾಳ, ಪೇಟೆಯ ತುಳು, ಕಚೇರಿಯ ಕನ್ನಡ ಎಲ್ಲವನ್ನೂ ಅದೇ ಅಕ್ಷರದಲ್ಲಿ ಬರೆಯುತ್ತಾರೆ. ಮದುವೆಯಾಗಿ ಬಂದ ತ್ರೇಸ್ಯಕ್ಕ ಕನ್ನಡ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಪೇಟೆಗೆ ಹೋದರೆ ಗಂಡನ ಪರವಾಗಿ ಚೌಕಾಸಿ, ಆಸ್ಪತ್ರೆಗೆ ಹೋದರೆ ಗಂಡನ ಪರವಾಗಿ ನೋವು, ಮದುವೆಮನೆಗೆ ಹೋದರೆ ಗಂಡನ ಪರವಾಗಿ ತಮಾಷೆ. ತಮಾಷೆ ಓದುವಾಗಲೂ ಅವರು ನಗುತ್ತಿರಲಿಲ್ಲ. ಹಾಗಾಗಿ ಕೇಳಿದವರಿಗೆ ಎಲ್ಲಿ ನಗಬೇಕೆಂದು ತಿಳಿಯುತ್ತಿರಲಿಲ್ಲ. ಆಗ ಜೋಸಣ್ಣ ಸ್ಲೇಟಿಗೆ ಬೆರಳು ಬಡಿದು, ಸರಿಯಾಗಿ ಓದು ಎಂದು ಸನ್ನೆ ಮಾಡುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ಗಂಡಹೆಂಡಿರ ಜಗಳ. ಕನ್ನಡಕ ಇಲ್ಲದಿದ್ದರೆ ಮನಸ್ಸಿನಲ್ಲೇ ಓದಿಕೊಳ್ಳಲು ತ್ರೇಸ್ಯಕ್ಕನಿಗೆ ಬರುವುದಿಲ್ಲ, ಅಕ್ಷರ ಅಕ್ಷರ ಕೂಡಿಸಿ ಬಾಯಿಬಿಟ್ಟೇ ಓದಬೇಕು. ಒಂದು ದಿನ ಸತ್ಯವತಿ ಹೋದಾಗ ತ್ರೇಸ್ಯಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತಮಗೆ ತಾವೇ, "ನಿನ್ನಷ್ಟು ಸೋಮಾರಿ ಹೆಂಗಸನ್ನು ನಾನು ಕಂಡಿಲ್ಲ" ಎಂದು ಓದಿ, "ಕಂಡಿಲ್ಲದಿದ್ರೆ ಈಗ ಕಾಣಿ" ಎಂದು ಉತ್ತರವನ್ನೂ ತಾವೇ ಕೊಟ್ಟು, ಮುಂದಿನ ಬೈಗಳಿಗೆ ಸ್ಲೇಟನ್ನು ಸೀರೆಯ ಸೆರಗಿನಲ್ಲಿ ಒರೆಸಿ ಗಂಡನ ಕೈಗೆ ಕೊಡುತ್ತಿದ್ದರಂತೆ. ಜಗಳದಲ್ಲಿ ಎರಡೂ ಕಡೆಯ ಕೂಲಿ ಒಬ್ಬರದ್ದೇ.

ಮಗ ಜಿತಿನ್ ಪುತ್ತೂರಿನಲ್ಲಿ ಜೆಸಿಬಿ ಓಡಿಸುತ್ತಾನೆ. ವಾರಕ್ಕೊಮ್ಮೆ ಬಂದರೆ ಅಪ್ಪನ ಸ್ಲೇಟು ಕಂಡ ಕೂಡಲೇ ಬೈಕ್ ತೊಳೆಯಲು ಹೊಳೆಗೆ ಹೋಗುತ್ತಾನೆ.

ಈ ಸಲ ದೊಡ್ಡ ನೋಂಬು, ಅಂದರೆ ಈಸ್ಟರಿಗೆ ಮೊದಲಿನ ಉಪವಾಸ, ಶುರುವಾಗುವಾಗ ತ್ರೇಸ್ಯಕ್ಕ ನಮ್ಮ ಮನೆಗೆ ಬಂದರು. ರಬ್ಬರ್ ಮರಗಳು ಎಲೆ ಉದುರಿಸಿ ನಿಂತ ಕಾಲ, ಹಾಲು ತೆಗೆಯುವ ಟ್ಯಾಪಿಂಗಿಗೆ ರಜೆ. ಬಿಸಿಲು ಮರಗಳ ಬುಡದವರೆಗೆ ಇಳಿದಿತ್ತು. ಬೆಂಚಿನ ಮೇಲೆ ಕೂತು ಜೀರಿಗೆ ನೀರು ಕುಡಿದರು. ಆಮೇಲೆ ಹೇಳಿದ್ದು ಇಷ್ಟು. ಇಗರ್ಜಿಯಿಂದ ವರ್ಷ ವರ್ಷ ಒಂದು ಬಸ್ಸು ಮಾಡಿಕೊಂಡು ದೂರದ ಧ್ಯಾನಕೇಂದ್ರಕ್ಕೆ ಐದು ದಿನದ ಧ್ಯಾನಕ್ಕೆ ಹೋಗುತ್ತಾರೆ. ಗಂಡನ ಆಪರೇಶನ್ ಆದ ಮೇಲೆ ತ್ರೇಸ್ಯಕ್ಕ ಹೋಗಿಲ್ಲ. ಈ ಸಲ ಹೋಗಲೇಬೇಕು.

ಭಕ್ತಿ ದೊಡ್ಡದು ಎಂದು ನಾನು ತಲೆಯಾಡಿಸಿದೆ. ಅವರು ಮುಂದುವರಿಸಿದರು.

"ಅಲ್ಲಿ ಗೇಟಿನಲ್ಲೇ ಫೋನ್ ತೆಗೆದಿಡ್ತಾರೆ ಮಾಷ್ಟ್ರೆ. ಐದು ದಿವಸ ಯಾರೂ ಮಾತಾಡ್ಲಿಕ್ಕಿಲ್ಲ. ಊಟಕ್ಕೆ ಸಾರು ಬೇಕಾದ್ರೂ ಕೈಯಲ್ಲಿ ತೋರಿಸುದು. ಬಾಯಿ ಬಿಟ್ರೆ ಒಬ್ಬರು ಸಿಸ್ಟರ್ ಬಂದು ಹೀಗೆ ತುಟಿಗೆ ಬೆರಳು ಇಡ್ತಾರೆ."

ಬೇರೆಯವರು ಕಡಲ ತೀರದ ಹೋಟೆಲನ್ನು ವರ್ಣಿಸುವ ಹಾಗೆ ಅವರು ಆ ಬೆರಳನ್ನು ವರ್ಣಿಸಿದರು.

ಆದರೆ ಅಷ್ಟು ದಿನ ಜೋಸಣ್ಣನ ಮಾತನ್ನು ಓದುವವರು ಯಾರು? ಹತ್ತಿರದ ಮನೆಯೆಂದರೆ ಕದೀಜಮ್ಮನದ್ದು, ಅವರಿಗೆ ಕನ್ನಡ ಓದಲು ಬರುವುದಿಲ್ಲ, ಫೋನೂ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಉಸಿರಿಗೆ ತೊಂದರೆಯಾದರೆ ಕೂ ಹಾಕಲು ಸ್ವರ ಬೇಕು. ಬರೆದದ್ದನ್ನು ತಾನೇ ಓದಿ ಹೇಳುವ ಯಂತ್ರ ಬರುತ್ತದೆ, ಟ್ಯಾಬ್ ತೆಗೆದುಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಹೇಳಿದ್ದಳು. ಮೊಬೈಲಿನಲ್ಲೂ ಆಗುತ್ತದಂತೆ, ಆದರೆ ಜೋಸಣ್ಣನ ಒಂದು ಬೆರಳು ಮೊಬೈಲಿನ ನಾಲ್ಕು ಅಕ್ಷರದ ಮೇಲೆ ಕೂರುತ್ತದೆ. ಕಡಿಮೆ ಬೆಲೆಯ ಒಂದು ಟ್ಯಾಬನ್ನು ಆರಿಸಿಕೊಡಬೇಕು. ಟ್ಯಾಬ್ ಆಗದಿದ್ದರೆ ಧ್ಯಾನವೂ ಇಲ್ಲ.

"ಮಾಷ್ಟ್ರಿಗೆ ಅದೆಲ್ಲ ಗೊತ್ತುಂಟು ಅಂತ ಸತ್ಯವತಿ ಹೇಳಿದ್ಲು," ಅಂದರು.

ಶಾಲೆಯಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೆ ಎಳೆದು ತೆಗೆಯುವವನು ನಾನೇ. ಅಷ್ಟು ಸಾಕು, ಇಡೀ ತಾಲೂಕಿನ ತಾಂತ್ರಿಕ ಭಾರ ನನ್ನ ಹೆಗಲ ಮೇಲೆ ಬಿದ್ದಿದೆ ಎಂದು ನನಗೂ ಅನಿಸುತ್ತಿತ್ತು. ನಾಲ್ಕು ಸಂಜೆ ಕೂತು ಇಂಟರ್‌ನೆಟ್ಟಿನಲ್ಲಿ ನೋಡಿ, ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದ ಎರಡು ಟ್ಯಾಬುಗಳನ್ನು ಉಳಿಸಿಕೊಂಡೆ. ಒಂದು ಕಪ್ಪು, ಒಂದು ಬೂದು. ಎರಡಕ್ಕೂ ಒಂದು ಕೋಷ್ಟಕ ಮಾಡಿದೆ. ಪ್ರೊಸೆಸರ್, ರ್‍ಯಾಮ್, ಬ್ಯಾಟರಿ, ಎದುರಿನ ಕ್ಯಾಮೆರಾ, ಹಿಂದಿನ ಕ್ಯಾಮೆರಾ, ಬಿಸಿಲಿನಲ್ಲಿ ಕಾಣುವ ಪ್ರಮಾಣ. ಜೋಸಣ್ಣ ಫೋಟೋ ತೆಗೆಯುವವರಲ್ಲ ಎಂಬುದು ಗೊತ್ತಿದ್ದರೂ ಕ್ಯಾಮೆರಾದ ಸಾಲನ್ನು ತೆಗೆದುಹಾಕಲು ಮನಸ್ಸು ಬರಲಿಲ್ಲ. ಕೋಷ್ಟಕ ಅಂದರೆ ತುಂಬಿಕೊಂಡಿರಬೇಕು. ಕಪ್ಪು ಗೆದ್ದಿತು.

ಎರಡೂ ಒಟ್ಟಿಗೆ ಇದ್ದದ್ದು ಸುಳ್ಯದ ಶಫೀಕನ ಅಂಗಡಿಯಲ್ಲಿ. ಒಂದು ಶನಿವಾರ ಮಧ್ಯಾಹ್ನ ನನ್ನ ಹಳೆಯ ಕಾರಿನಲ್ಲಿ ದಂಪತಿಗಳನ್ನು ಕೂರಿಸಿಕೊಂಡು ಪಂಜದ ದಾರಿಯಾಗಿ ಹೊರಟೆ. ಬೆಳ್ಳಾರೆಯಲ್ಲಿ ಕೃಷ್ಣಮೋಹನ ಭಾವ ಹತ್ತಿಕೊಂಡರು. ನನ್ನ ಅಕ್ಕನ ಗಂಡ, ಊರಿನವರಿಗೆ ಭಟ್ಟರು. ತೋಟವುಂಟು, ಎರಡು ಸಂಘಗಳ ಅಧ್ಯಕ್ಷತೆಯುಂಟು, ಮೂರನೆಯದರ ಮೇಲೆ ಕಣ್ಣುಂಟು. ಅವರ ಹತ್ತಿರ ಒಂದು ಟ್ಯಾಬ್ ಇದೆ. ಸಭೆಯಲ್ಲಿ ಮೇಜಿನ ಮೇಲೆ ಇಡುತ್ತಾರೆ. ಅದರ ಬಲದಿಂದ ದಾರಿಯುದ್ದಕ್ಕೂ ರ್‍ಯಾಮ್ ಎಂದರೇನು ಎಂದು ವಿವರಿಸಿದರು. ತಲೆ ಎಂದರು, ಆಮೇಲೆ ಹೊಟ್ಟೆ ಎಂದರು, ಸುಳ್ಯ ಬರುವಾಗ ಅಡಿಕೆಯ ಅಂಗಳ ಎಂದರು. ಹಿಂದಿನ ಸೀಟಿನಲ್ಲಿ ಜೋಸಣ್ಣ ಬರೆಯುವ ಕಡ್ಡಿಯ ಸದ್ದು ಕೇಳುತ್ತಿತ್ತು. ತ್ರೇಸ್ಯಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದರು, ಒರೆಸಿದರು. ಅದನ್ನು ಮಾತ್ರ ಅವರು ಓದಿ ಹೇಳಲಿಲ್ಲ. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಕಣ್ಣು ಅರೆ ಮುಚ್ಚಿತ್ತು.

ಅಂಗಡಿಯಲ್ಲಿ ಶಫೀಕ ಎರಡನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟ. ಕಪ್ಪು ಟ್ಯಾಬ್ ತೆಳ್ಳಗೆ, ಹೊಳೆಯುವ ಹಾಗೆ ಇತ್ತು. ಬೂದು ಬಣ್ಣದ್ದು ದಪ್ಪ, ಮಂಕು, ಹಳೆಯ ಪಾಟಿಚೀಲದ ಬಣ್ಣ. ನಾನು ಕೋಷ್ಟಕ ಬಿಡಿಸಿದೆ. ಕೃಷ್ಣಮೋಹನ ಭಾವ ಕೋಷ್ಟಕ ನೋಡಲಿಲ್ಲ. ಎರಡನ್ನೂ ಎರಡು ಅಂಗೈಯಲ್ಲಿ ಎತ್ತಿ ತೂಗಿ ನೋಡಿದರು. ಬೂದು ಬಣ್ಣದ್ದು ಭಾರ.

"ಇದೇ ಆಗಬಹುದು," ಅಂದರು. "ಅಡಿಕೆ ಆಗಲಿ, ರಬ್ಬರ್ ಆಗಲಿ, ತೂಕ ಇದ್ದದ್ದೇ ಮಾಲು. ಹಗುರ ಇದ್ದದ್ದು ಒಳಗೆ ಟೊಳ್ಳು."

ಟ್ಯಾಬ್ ಅಡಿಕೆಯಲ್ಲ ಎಂದು ನಾನು. ಯಾವ ವಸ್ತುವಾದರೂ ವಸ್ತುವೇ ಎಂದು ಅವರು. ಇಪ್ಪತ್ತು ನಿಮಿಷ ಈ ತತ್ತ್ವದ ಮೇಲೆ ವಾದ ನಡೆಯಿತು. ತ್ರೇಸ್ಯಕ್ಕನಿಗೆ ಶಫೀಕ ಒಂದು ಸ್ಟೂಲು ಕೊಟ್ಟಿದ್ದ. ಅವರು ಗೋಡೆಗೆ ತಲೆ ಒರಗಿಸಿ ಕೂತಿದ್ದರು. ಅವರನ್ನು ನಾವು ಏನೂ ಕೇಳಲಿಲ್ಲ. ಕೇಳಿದರೆ ಅದನ್ನೂ ಗಂಡನ ಪರವಾಗಿ ಹೇಳಬೇಕಲ್ಲ ಎಂಬ ಕನಿಕರದಿಂದ ಎಂದು ಈಗ ಹೇಳಬಹುದು.

ಒಂದು ವಿಷಯದಲ್ಲಿ ಮಾತ್ರ ನನಗೂ ಭಾವನಿಗೂ ಒಮ್ಮತವಿತ್ತು. ಜೋಸಣ್ಣನವರು ಮಲಯಾಳದವರು, ಹಾಗಾಗಿ ಮಲಯಾಳದಲ್ಲಿ ಮಾತಾಡುವ ಧ್ವನಿ ಬೇಕು. ಶಫೀಕ ಬೇರೆ ಗಿರಾಕಿಯ ಕಡೆ ಇದ್ದ. ನಾನೇ ಕಪ್ಪು ಟ್ಯಾಬಿಗೆ ಮಲಯಾಳದ ಧ್ವನಿ ಇಳಿಸಿದೆ, ಮಲಯಾಳದ ಅಕ್ಷರಗಳ ಕೀಲಿಮಣೆ ಹಾಕಿದೆ, ಬೆವರಿದೆ. ಕೊನೆಗೆ ಬಹುಮಾನ ಕೊಡುವವನ ಹಾಗೆ ಎರಡೂ ಕೈಯಲ್ಲಿ ಜೋಸಣ್ಣನ ಮುಂದೆ ಹಿಡಿದೆ.

ಜೋಸಣ್ಣ ನೋಡಿದರು. ಟ್ಯಾಬನ್ನು ಒಮ್ಮೆ ತಲೆಕೆಳಗು ಮಾಡಿಯೂ ನೋಡಿದರು. ಆಮೇಲೆ ಸ್ಲೇಟಿನಲ್ಲಿ ಏನೋ ಬರೆದು ಹೆಂಡತಿಯ ಮೊಣಕಾಲಿಗೆ ತಾಗಿಸಿದರು. ತ್ರೇಸ್ಯಕ್ಕ ಕಣ್ಣು ಬಿಟ್ಟು ಓದಿದರು.

"ಇದು ಯಾವ ದೇಶದ ಅಕ್ಷರ."

ಶಫೀಕ ಆ ಗಿರಾಕಿಯನ್ನು ಬಿಟ್ಟು ಬಂದು ನಕ್ಕ. "ಎಂತ ಮಾಷ್ಟ್ರೆ, ನಮ್ಮ ಬ್ಯಾರಿ ಭಾಷೆ ನಾನು ಬರೆಯುದು ಕನ್ನಡ ಅಕ್ಷರದಲ್ಲೇ ಅಲ್ವಾ? ಇವರದ್ದೂ ಹಾಗೆಯೇ." ಮೊದಲೇ ಹೇಳಬಾರದಿತ್ತೇ ಎಂದು ನಾನು ತ್ರೇಸ್ಯಕ್ಕನನ್ನು ಕೇಳಿದೆ. ನೀವೆಲ್ಲ ಮಾತಾಡ್ತಾ ಇದ್ರಿ ಎಂದಷ್ಟೇ ಹೇಳಿ ಅವರು ಮತ್ತೆ ಗೋಡೆಗೆ ಒರಗಿದರು.

ಕನ್ನಡದ ಕೀಲಿಮಣೆ ಬಂತು. ಆಗ ಹೊಸ ಕಷ್ಟ. ಜೋಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು, ಏನೂ ಮೂಡಲಿಲ್ಲ. ಒತ್ತಿ ಇಟ್ಟರು. ಕುಟ್ಟಿದರು. ಬಾಳಿಡೀ ಟ್ಯಾಪಿಂಗ್ ಕತ್ತಿ ಹಿಡಿದು, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡಿನಲ್ಲಿ ಅದ್ದಿ ಅವರ ಬೆರಳ ತುದಿಗಳು ಒಣಗಿದ ಗೇರುಬೀಜದ ಹಾಗೆ ಆಗಿವೆ. ನಾನು ಮುಟ್ಟಿದರೆ ಅಕ್ಷರ ಬರುತ್ತದೆ, ಭಾವ ಮುಟ್ಟಿದರೆ ಬರುತ್ತದೆ, ಶಫೀಕನ ಮೊಣಕೈ ತಾಗಿದರೂ ಬರುತ್ತದೆ. ಕಪ್ಪು ಟ್ಯಾಬಿನ ಮಟ್ಟಿಗೆ ಜೋಸಣ್ಣ ಎಂಬ ಮನುಷ್ಯ ಲೋಕದಲ್ಲಿ ಇರಲೇ ಇಲ್ಲ. ನನ್ನ ಕೋಷ್ಟಕದಲ್ಲಿ ಅದಕ್ಕೊಂದು ಸಾಲಿರಲಿಲ್ಲ.

ತ್ರೇಸ್ಯಕ್ಕ ಈಗ ಎದ್ದು ಬಂದು ಗಾಜಿನ ಹತ್ತಿರ ನಿಂತಿದ್ದರು. ಗಂಡನ ಬೆರಳನ್ನೇ ನೋಡುತ್ತಿದ್ದ ಅವರ ಮುಖದಿಂದ ಧ್ಯಾನದ ಬಸ್ಸು ಸ್ವಲ್ಪ ಸ್ವಲ್ಪವೇ ದೂರ ಹೋಗುವುದು ನನಗೆ ಕಾಣುತ್ತಿತ್ತು. ಬೆರಳನ್ನು ತಮ್ಮ ಸೆರಗಿನಿಂದ ಒರೆಸಿದರು, ಉಗುರುಬೆಚ್ಚಗಿನ ಚಾಯದ ಲೋಟಕ್ಕೆ ತಾಗಿಸಿದರು. ಕಪ್ಪು ಟ್ಯಾಬ್ ಕರಗಲಿಲ್ಲ.

ಶಫೀಕ ಬೂದು ಬಣ್ಣದ್ದನ್ನು ತೆಗೆದುಕೊಂಡು ಒಳಗೆ ಏನೋ ಹುಡುಕಿದ. "ಇದರಲ್ಲಿ ಗ್ಲೌಸ್ ಹಾಕಿದವರಿಗೆ ಅಂತ ಒಂದು ಸೆಟ್ಟಿಂಗ್ ಉಂಟು. ನೋಡುವ." ಅದನ್ನು ಹಾಕಿಕೊಟ್ಟ. ಜೋಸಣ್ಣ ಬೆರಳಿಟ್ಟರು, ಅಕ್ಷರ ಬಂತು. ದೇವರು ಕೊಟ್ಟ ಚರ್ಮವನ್ನು ಕೈಗವಸೆಂದು ತಿಳಿದುಕೊಂಡು ಬೂದು ಟ್ಯಾಬ್ ಅವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಿತು. ತಾನು ತೂಕ ನೋಡಿ ಹೇಳಿದ್ದು ಇದನ್ನೇ ಎಂದು ಕೃಷ್ಣಮೋಹನ ಭಾವ ಶುರುಮಾಡಿದರು. ಭಾರಕ್ಕೂ ಬೆರಳಿಗೂ ಇರುವ ಸಂಬಂಧ, ಅಲ್ಲಿಂದ ಮತ್ತೆ ರ್‍ಯಾಮ್.

ಜೋಸಣ್ಣ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಧ್ವನಿ ಹೋದ ಮನುಷ್ಯನ ಮೊದಲ ಮಾತು. ನಾವೆಲ್ಲ ಕಾದೆವು. ಏನಾದರೂ ದೊಡ್ಡದು ಬರುತ್ತದೆ, ಹೆಂಡತಿಗೆ ಒಂದು ಮಾತು, ದೇವರಿಗೆ ಒಂದು ಮಾತು, ಎಂದು ನಾನು ಕರ್ಚೀಫನ್ನೂ ಹೊರಗೆ ತೆಗೆದಿದ್ದೆ. ಶಫೀಕ ಗುಂಡಿ ಒತ್ತಿದ. ರೇಡಿಯೋದಲ್ಲಿ ಪೇಟೆ ಧಾರಣೆ ಓದುವ ಹೆಂಗಸಿನ ಹಾಗೆ ಯಂತ್ರ ಹೇಳಿತು:

"ಈ ಭಟ್ಟರನ್ನು ಸ್ವಲ್ಪ ಹೊತ್ತು ಬಂದ್ ಮಾಡುವ ಗುಂಡಿ ಎಲ್ಲಿ ಉಂಟು."

ಅಷ್ಟಕ್ಕೇ ಮುಗಿಯಬಹುದಿತ್ತು. ಯಂತ್ರದ ಮಾತೆಂದು ಭಾವನೂ ಬಿಟ್ಟುಬಿಡುತ್ತಿದ್ದರೋ ಏನೋ. ಆದರೆ ಯಂತ್ರ ನಿಂತ ಕೂಡಲೇ ತ್ರೇಸ್ಯಕ್ಕ ಅಭ್ಯಾಸಬಲದಿಂದ, ಅದೇ ಚಪ್ಪಟೆ ಸ್ವರದಲ್ಲಿ, "ಈ ಭಟ್ಟರನ್ನು ಸ್ವಲ್ಪ ಹೊತ್ತು ಬಂದ್ ಮಾಡುವ ಗುಂಡಿ ಎಲ್ಲಿ ಉಂಟು" ಅಂದರು. ಅಂದ ಮೇಲೆ ಗೊತ್ತಾಗಿ ಬಾಯಿಗೆ ಸೆರಗು ಹಿಡಿದರು. ಕೃಷ್ಣಮೋಹನ ಭಾವ ಕೆಂಪಾಗಿ, ನನಗೆ ಎಲೆ ಅಡಿಕೆ ತೆಗೆದುಕೊಳ್ಳಲಿಕ್ಕುಂಟು ಎಂದು ಹೊರಗೆ ಹೋದರು.

ಆಮೇಲೆ ಜೋಸಣ್ಣ ಏನು ಹೇಳಿಸಿದರೂ ಹೀಗೆಯೇ ಆಯಿತು. ಚಾಯಕ್ಕೆ ಸಕ್ಕರೆ ಕಡಿಮೆ ಎಂದು ಯಂತ್ರ ಹೇಳಿತು, ಚಾಯಕ್ಕೆ ಸಕ್ಕರೆ ಕಡಿಮೆ ಎಂದು ತ್ರೇಸ್ಯಕ್ಕ ಹೇಳಿದರು. ಮಲಯಾಳವನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಯಂತ್ರ ಅದನ್ನು ಮಲಯಾಳ ಕಲಿಯಲು ಹೊರಟ ಸರಕಾರಿ ಅಧಿಕಾರಿಯ ಹಾಗೆ ಓದುತ್ತಿತ್ತು. ಅದನ್ನೂ ಅವರು ತಿದ್ದಿ ಇನ್ನೊಮ್ಮೆ ಹೇಳಿದರು. ನಾಲಗೆಯ ಬದಲಿಗೆ ಬೇರೆ ಆಳು ಕೆಲಸಕ್ಕೆ ಬಂದರೂ ಅದು ಹಾರೆ ಕೆಳಗಿಡುತ್ತಿಲ್ಲ. "ನಿಲ್ಲಿಸ್ಲಿಕ್ಕೆ ಆಗುದಿಲ್ಲ ಮಾಷ್ಟ್ರೆ," ಅಂದರು, ಬೇರೆ ಯಾರದ್ದೋ ಕಾಯಿಲೆಯ ವಿಷಯ ಹೇಳುವ ಹಾಗೆ. "ರಾತ್ರಿ ನಿದ್ದೆಯಲ್ಲಿಯೂ ಅವರದ್ದೇ ಮಾತಾಡುದಂತೆ ನಾನು. ಬೆಳಿಗ್ಗೆ ಎದ್ದು, ನಿನ್ನೆ ರಾತ್ರಿ ಹೇಳಿದ್ದನ್ನು ನಾನು ಬರೆದದ್ದೇ ಅಲ್ಲ ಅಂತ ಬರೀತಾರೆ."

ಇನ್ನು ಉಳಿದದ್ದು ಕೂ. ತೋಡಿನ ಆಚೆ ಕದೀಜಮ್ಮನಿಗೆ ಕೇಳದಿದ್ದರೆ ಇದೆಲ್ಲ ಇದ್ದೂ ಪ್ರಯೋಜನವಿಲ್ಲ ಎಂದು ತ್ರೇಸ್ಯಕ್ಕ ತಾವೇ ಹೇಳಿದರು. ರಸ್ತೆ ದಾಟಿ ರಿಕ್ಷಾ ನಿಲ್ಲುವಲ್ಲಿ ಬೆನ್ನು ಹಾಕಿ ನಿಲ್ಲುತ್ತೇನೆ, ಎರಡರಲ್ಲೂ ಕೂಗಿಸಿ, ಕೇಳಿದರೆ ಕೈಯೆತ್ತುತ್ತೇನೆ ಎಂದು ಹೋಗಿ ನಿಂತರು. ಕಪ್ಪು ಟ್ಯಾಬಿನಲ್ಲಿ ನಾನು ಟೈಪ್ ಮಾಡಿದೆ, ಬೂದು ಬಣ್ಣದ್ದರಲ್ಲಿ ಜೋಸಣ್ಣ. ಕಪ್ಪು ಬಹಳ ಮರ್ಯಾದೆಯಿಂದ "ಕೂ" ಅಂದಿತು, ವರ್ಣಮಾಲೆ ಒಪ್ಪಿಸುವ ಹಾಗೆ. ಬೂದು ಬಣ್ಣದ್ದು ಇನ್ನೂ ಸ್ವಲ್ಪ ದಪ್ಪ ಸ್ವರದಲ್ಲಿ "ಕೂ" ಅಂದಿತು. ಅ‌ಷ್ಟರಲ್ಲಿ ಮಡಿಕೇರಿ ಕಡೆಯ ಬಸ್ಸೊಂದು ಹಾರ್ನ್ ಹಾಕಿ ಹೋಯಿತು. ತ್ರೇಸ್ಯಕ್ಕನ ಕೈ ಏಳಲಿಲ್ಲ. ಇನ್ನೊಮ್ಮೆ ಮಾಡಿಸಿದೆವು. ಮತ್ತೊಮ್ಮೆ ಮಾಡಿಸಿದೆವು. ಬಿಸಿಲಿನಲ್ಲಿ ಬೆನ್ನು ಹಾಕಿ ನಿಂತೇ ಇದ್ದರು, ಯಾರೋ ಮರೆತು ಬಿಟ್ಟುಹೋದ ಗಂಟಿನ ಹಾಗೆ. ಕೊನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. "ಕೂಗಿದ್ರಾ?" ಎಂದು ಕೇಳಿದರು. ಕೂಗಿದೆವು ಎಂದೆ. ತಲೆಯಾಡಿಸಿ, ಹಾಗಾದರೆ ಈ ವರ್ಷವೂ ಇಲ್ಲ ಎಂದು ಸ್ಟೂಲಿನ ಮೇಲೆ ಕೂತರು. ಬೇಸರವನ್ನೂ ಅದೇ ಹಾಜರಿಯ ಸ್ವರದಲ್ಲಿ ಹೇಳುವವರನ್ನು ನೋಡಿದರೆ ಸಮಾಧಾನ ಹೇಳುವುದು ಹೇಗೆಂದು ತಿಳಿಯುವುದಿಲ್ಲ. ನಾನು ಕೋಷ್ಟಕವನ್ನು ಮಡಚಿ ಅವರಿಗೆ ಗಾಳಿ ಹಾಕಲು ಕೊಟ್ಟೆ. ಆ ದಿನ ಅದಕ್ಕೆ ಸಿಕ್ಕಿದ ಮೊದಲ ಉಪಯೋಗ.

ಶಫೀಕ ಒಳಗಿನ ಕೋಣೆಯಿಂದ ಒಂದು ಧ್ವನಿವರ್ಧಕ ತಂದ. ಓಮ್ನಿಯಲ್ಲಿ ಮೀನು ಮಾರುವವರೊಬ್ಬರು ಹೊಸತು ತೆಗೆದುಕೊಂಡು ಇದನ್ನು ಬಿಟ್ಟುಹೋಗಿದ್ದರಂತೆ. ಟ್ಯಾಬಿಗೆ ವಯರ್ ಸಿಕ್ಕಿಸಿದರೆ ಗುಡ್ಡಕ್ಕೆಲ್ಲ ಕೇಳುತ್ತದೆ. "ಒಂದೇ ತೊಂದರೆ ಉಂಟು ಅಮ್ಮ," ಎಂದು ಸ್ವಿಚ್ ಒತ್ತಿದ. ಪೆಟ್ಟಿಗೆ ಗಟ್ಟಿಯಾಗಿ, "ಬಂಗುಡೆ ಬೂತಾಯಿ, ತಾಜಾ ಬಂಗುಡೆ ಬೂತಾಯಿ" ಎಂದು ಕೂಗಿ, ಆಮೇಲೆ ಸುಮ್ಮನಾಯಿತು. ಪ್ರತಿಸಲ ಹಚ್ಚುವಾಗ ಮೊದಲು ಅದನ್ನು ಹೇಳಿಯೇ ಹೇಳುತ್ತದೆ, ಅಳಿಸಲು ಆಗುತ್ತಿಲ್ಲ. ನೋಂಬಿನಲ್ಲಿ ಮೀನು ಮುಟ್ಟದ ಮನೆಗೆ ಇದೆಂಥ ಪೆಟ್ಟಿಗೆ ಎಂದು ನಾನು ಅನುಮಾನಿಸಿದೆ. ತಿನ್ನುದಲ್ವಲ್ಲ, ಕೇಳುದಲ್ವಾ ಎಂದು ತ್ರೇಸ್ಯಕ್ಕ ಅದನ್ನು ಆಗಲೇ ಮಡಿಲಲ್ಲಿ ಇಟ್ಟುಕೊಂಡಿದ್ದರು.

ಜೋಸಣ್ಣ ಬೂದು ಟ್ಯಾಬಿನಲ್ಲಿ ಬಹಳ ಹೊತ್ತು ಒತ್ತಿದರು. ಶಫೀಕ ಪೆಟ್ಟಿಗೆಯನ್ನು ರಸ್ತೆಯ ಕಡೆ ತಿರುಗಿಸಿದ.

"ಹುಂಜ, ಒಳ್ಳೆಯ ಹುಂಜ. ಒಂದನೇ ಸಲ. ಎರಡನೇ ಸಲ. ಯಾರುಂಟು ಮೇಲೆ ಕೇಳುವವರು."

ರಿಕ್ಷಾದವರು ತಿರುಗಿ ನೋಡಿದರು. ಒಬ್ಬ ಹುಂಜ ಎಲ್ಲಿದೆ ಎಂದು ಹುಡುಕಿಯೂ ಹುಡುಕಿದ. ಜೋಸಣ್ಣ ಅದನ್ನೇ ಇನ್ನೊಮ್ಮೆ ಕೂಗಿಸಿದರು, ಮತ್ತೊಮ್ಮೆ ಕೂಗಿಸಿದರು. ಕುತ್ತಿಗೆಯ ಬಟ್ಟೆ ಜೋರಾಗಿ ಏಳುತ್ತಿತ್ತು, ಬೀಳುತ್ತಿತ್ತು. ಮೂರು ಸಲವೂ ತ್ರೇಸ್ಯಕ್ಕ ತಿರುಗಿ ಹೇಳಲಿಲ್ಲ. ತುಟಿ ಮುಚ್ಚಿಕೊಂಡು ಕೂತಿದ್ದರು.

ಬೂದು ಬಣ್ಣದ್ದನ್ನೇ ತೆಗೆದುಕೊಂಡದ್ದಾಯಿತು. ತನ್ನ ಆಯ್ಕೆಯೇ ಗೆದ್ದದ್ದಕ್ಕೆ ಕೃಷ್ಣಮೋಹನ ಭಾವ ಬೆಳ್ಳಾರೆಯವರೆಗೆ ಪ್ರಸನ್ನರಾಗಿದ್ದರು. ತೂಕದ ವಿಷಯವನ್ನು ಅವರು ಮುಂದಿನ ಸಭೆಯಲ್ಲಿ ಹೇಳಿಯೂ ಹೇಳಿದರಂತೆ.

ಧ್ಯಾನದ ಬಸ್ಸು ಹೊರಡುವ ದಿನ ಸತ್ಯವತಿಯೂ ನಾನೂ ನೆಲ್ಯಾಡಿಗೆ ಹೋಗಿದ್ದೆವು. ಜೋಸಣ್ಣ ಟ್ಯಾಬನ್ನು ಬಟ್ಟೆಚೀಲದಲ್ಲಿ ಕುತ್ತಿಗೆಗೆ ಹಾಕಿಕೊಂಡು ಬಂದಿದ್ದರು. ಹೆಂಡತಿ ಸೀಟಿನಲ್ಲಿ ಕೂತ ಮೇಲೆ ಕಿಟಕಿಯ ಕೆಳಗೆ ನಿಂತು ಹೇಳಿಸತೊಡಗಿದರು. ದನಕ್ಕೆ ಹಿಂಡಿ ಎಷ್ಟು, ಮರಗೆಣಸು ಎಲ್ಲಿ ಇಟ್ಟಿದ್ದಿ, ಗ್ಯಾಸಿನವನು ಬಂದರೆ ಪುಸ್ತಕ ಎಲ್ಲಿ ಉಂಟು. ತ್ರೇಸ್ಯಕ್ಕ ಒಂದೆರಡಕ್ಕೆ ಉತ್ತರ ಕೊಟ್ಟರು. ಆಮೇಲೆ, ಗೇಟು ಇನ್ನೂ ನೂರಾರು ಮೈಲು ದೂರವಿರುವಾಗಲೇ, ತುಟಿಗೆ ಬೆರಳಿಟ್ಟು ತೋರಿಸಿ ಕಿಟಕಿಯ ಗಾಜು ಎಳೆದುಕೊಂಡರು. ಬಸ್ಸು ಹೋದ ಮೇಲೂ ಟ್ಯಾಬ್ ಸ್ವಲ್ಪ ಹೊತ್ತು ಮಾತಾಡಿತು.

ಆ ಐದು ದಿನಗಳ ವರದಿ ಸತ್ಯವತಿಯಿಂದ ಬರುತ್ತಿತ್ತು. ಜೋಸಣ್ಣ ಚೆನ್ನಾಗಿದ್ದಾರೆ. ಮೂಸಕುಂಞಿಯವರನ್ನು ಫೋನಿನಲ್ಲಿ ಟ್ಯಾಬ್ ಹಿಡಿದು ಬೈದಿದ್ದಾರೆ. ಯಂತ್ರ ಬೈದರೆ ತ್ರೇಸ್ಯಕ್ಕ ಬೈದಷ್ಟು ತಾಗುವುದಿಲ್ಲ ಎಂದು ಮೂಸಕುಂಞಿಯವರಿಗೆ ಸ್ವಲ್ಪ ಬೇಸರವಾಗಿದೆ. ಮೊದಲ ದಿನ ಸಂಜೆ ಕದೀಜಮ್ಮನನ್ನು ಕೂಗಿಸಿದಾಗ ಅವರು ಬಂಗುಡೆ ಎಂಬಲ್ಲಿಗೇ ಪಾತ್ರೆ ಹಿಡಿದು ತೋಡು ದಾಟಿ ಬಂದರಂತೆ. ಮೀನಿಲ್ಲ, ಮನುಷ್ಯ ಮಾತ್ರ ಇರುವುದು ಎಂದು ತಿಳಿದು ತಿರುಗಿ ಹೋಗುವ ಮುನ್ನ ಚಾಯ ಮಾಡಿಕೊಟ್ಟರಂತೆ. ಆಮೇಲೆ ದಿನಾ ಆ ಕೂಗಿಗೆ ಬರುತ್ತಿದ್ದರು, ಪಾತ್ರೆಯಲ್ಲಿ ಏನಾದರೂ ಹಾಕಿಕೊಂಡು. ನಾಯಿಯೂ ಬರುತ್ತಿತ್ತು, ಅದಕ್ಕೆ ಮಾತ್ರ ಪ್ರತಿದಿನವೂ ನಿರಾಸೆ.

ತ್ರೇಸ್ಯಕ್ಕ ತಿರುಗಿ ಬಂದ ಮೇಲೆ ಒಂದು ದಿನ ಅವರ ಮನೆಗೆ ಹೋದೆ. ಹಿತ್ತಲಲ್ಲಿ ಒಲೆಗೆ ರಬ್ಬರ್ ಸೌದೆ ಜೋಡಿಸುತ್ತಿದ್ದರು. ಅಂಗಳದ ಕಡೆಯಿಂದ ಟ್ಯಾಬಿನ ಸ್ವರ ಅವರನ್ನು ಕರೆಯಿತು, ನೀರು ಕೇಳಿತು, ಬೇಗ ತಾ ಎಂದಿತು. ಅವರು ತಿರುಗಿ ಹೇಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಕೈಯಲ್ಲಿದ್ದ ಸೌದೆಯನ್ನು ಜೋಡಿಸಿ ಮುಗಿಸಿ, ಸೊಂಟಕ್ಕೆ ಕೈಯಿಟ್ಟು ಎದ್ದು, ನೀರಿನ ಚೊಂಬು ತೆಗೆದುಕೊಂಡರು. ಮುಖ ಅದೇ ದಣಿದ ಮುಖವೇ. ಆದರೂ ಐದು ದಿನದ ಮೌನವೆಂದರೆ ಸಾಮಾನ್ಯವಲ್ಲ, ಅದರಿಂದ ಏನಾದರೂ ದೊಡ್ಡದನ್ನು ತಂದಿರಬೇಕು ಎಂದು ನನಗೆ. ಧ್ವನಿಯನ್ನು ಆದಷ್ಟು ಗಂಭೀರ ಮಾಡಿಕೊಂಡು ಕೇಳಿದೆ:

"ತ್ರೇಸ್ಯಕ್ಕ, ಅಷ್ಟು ಮೌನದಲ್ಲಿ ದೇವರು ನಿಮಗೆ ಎಂತಾದ್ರೂ ಹೇಳಿದ್ರಾ?"

"ಇಲ್ಲ ಮಾಷ್ಟ್ರೆ," ಅಂದರು. "ಯಾರೂ ನನಗೆ ಎಂತದೂ ಹೇಳ್ಬಾರ್ದು ಅಂತಲೇ ನಾನು ಹೋದದ್ದು."